ಪ್ಲಸ್ ಟು: ಸಂಜೆಯೆಲ್ಲ ಹಿಸ್ಟರಿಗೇ ಹೋಗ್ತದೆ, ಉಳಿದ ಸಬ್ಜೆಕ್ಟಿಗೆ ಹೊತ್ತು ಎಲ್ಲಿಂದ ತರುದು?

ಪಯಸ್ವಿನಿ:
ಕಾಸರಗೋಡು, ಪ್ಲಸ್ ಟು (ಕೇರಳದ 12ನೇ ತರಗತಿ) ಹ್ಯುಮ್ಯಾನಿಟೀಸ್. ಹಿಸ್ಟರಿ, ಇಕನಾಮಿಕ್ಸ್, ಪೊಲಿಟಿಕಲ್ ಸಯನ್ಸ್, ಜಿಯೋಗ್ರಫಿ. ಭಾಷೆ ಇಂಗ್ಲಿಷ್ ಮತ್ತು ಕನ್ನಡ. ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ಈಗ ಪುಸ್ತಕ ಎಲ್ಲ ಇಂಗ್ಲಿಷ್. ಸಂಜೆ ಓದಲಿಕ್ಕೆ ಸಿಗುವುದು ಎರಡೂವರೆ ಗಂಟೆ, ಶನಿವಾರ–ಆದಿತ್ಯವಾರ ನಾಲ್ಕು ಗಂಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಸ್ಟರಿ ನೋಟ್ಸಿಗೇ ಹೋಗ್ತದೆ. ಒಂದೊಂದು ಪಾಠಕ್ಕೆ 14–15 ಪುಟ ಆಗ್ತದೆ. ಇಷ್ಟಾದರೂ ಟೆಸ್ಟಿನಲ್ಲಿ 8 ಸ್ಕೋರಿನ ಪ್ರಶ್ನೆ ಅರ್ಧಕ್ಕೆ ನಿಲ್ತದೆ. ಇಕನಾಮಿಕ್ಸಿನ ಮ್ಯಾಕ್ರೋ ಲೆಕ್ಕ ಬಾಕಿ, ಜಿಯೋಗ್ರಫಿ ಪ್ರಾಕ್ಟಿಕಲ್ ರೆಕಾರ್ಡ್ ಮುಟ್ಟಿಲ್ಲ. ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆಯುವ ಯೋಚನೆಯೂ ಉಂಟು. ಹಿಸ್ಟರಿಯ ಹೊತ್ತು ಕಡಿಮೆ ಮಾಡಿ ಸ್ಕೋರ್ ಉಳಿಸುವ ದಾರಿ ಇದ್ದರೆ ತಿಳಿಸಿ.

ಕುಂಬಳೆ ಕಡೆಯ ಹಿಸ್ಟರಿ ಟೀಚರ್:
ಮೊದಲು ಆ 15 ಪುಟದ ನೋಟ್ಸ್ ನಿಲ್ಲಿಸಿ. ಅದು ಓದಿದ ಹಾಗೆ ಕಾಣುತ್ತದೆ, ಆದರೆ ನಿಜಕ್ಕೂ ನಡೆಯುವುದು ಪುಸ್ತಕ ನೋಡಿ ಬರೆಯುವ ಕೆಲಸ. ಪರೀಕ್ಷೆಯಲ್ಲಿ ಬೇಕಾದದ್ದು ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ. ನೀವು ಅರ್ಧಕ್ಕೆ ನಿಲ್ಲುವುದು ಇದರಿಂದಲೇ, ಓದು ಸಾಲದೆ ಅಲ್ಲ.

ಲೆಕ್ಕ ನೋಡಿ. ಥಿಯರಿ 80 ಸ್ಕೋರ್, ಬರೆಯುವ ಸಮಯ 150 ನಿಮಿಷ (ಪ್ರಶ್ನೆ ಓದಲು ಕೊಡುವ 15 ನಿಮಿಷದ ಕೂಲ್ ಆಫ್ ಬೇರೆ). ಮ್ಯಾಪ್ ತಿದ್ದಲು, ನಂಬರ್ ಸರಿ ಉಂಟಾ ನೋಡಲು 10 ನಿಮಿಷ ತೆಗೆದಿಟ್ಟರೆ ಒಂದು ಸ್ಕೋರಿಗೆ ಒಂದು ಮುಕ್ಕಾಲು ನಿಮಿಷ. ಅಂದರೆ 8 ಸ್ಕೋರಿಗೆ 14 ನಿಮಿಷ, 4ಕ್ಕೆ 7. ಜಿಯೋಗ್ರಫಿಯಲ್ಲಿ 60 ಸ್ಕೋರಿಗೆ ಎರಡು ಗಂಟೆ, ಅಲ್ಲಿ ಸ್ಕೋರಿಗೆ ಎರಡು ನಿಮಿಷ ಪೂರ್ತಿ ಸಿಗುತ್ತದೆ. 14 ನಿಮಿಷದಲ್ಲಿ ಕೈಗೆ ಬರುವುದು ಒಂದೂವರೆ–ಎರಡು ಪುಟ. ಪೀಠಿಕೆಗೆ ಎರಡು ಸಾಲು, ಆಮೇಲೆ ಏಳೆಂಟು ಅಂಶ, ಪ್ರತಿ ಅಂಶಕ್ಕೆ ಉಪಶೀರ್ಷಿಕೆ ಮತ್ತು ಎರಡು ವಾಕ್ಯ. ಪೇಪರ್ ನೋಡುವವರು ಅಂಶ ಎಣಿಸುತ್ತಾರೆ. ಒಂದೇ ಅಂಶವನ್ನು ಅರ್ಧ ಪುಟ ಎಳೆದರೆ ಒಂದೇ ಸ್ಕೋರ್.

ಒಂದು ಪಾಠಕ್ಕೆ 45 ನಿಮಿಷದಂತೆ ನಾಲ್ಕು ಸಲ ಕೂತರೆ ಸಾಕು. ಮೊದಲ ಎರಡು ಸಲ ಪಾಠ ಓದಿ, ಉಪಶೀರ್ಷಿಕೆ ಮತ್ತು ಕೀ ವರ್ಡ್ ಮಾತ್ರ ಒಂದೇ ಎ4 ಹಾಳೆಗೆ ಇಳಿಸಿ. ಹರಪ್ಪಾ ನಗರ ಯೋಜನೆ ಎಂದರೆ: ಕೋಟೆ ಭಾಗ, ಕೆಳಪಟ್ಟಣ, 4:2:1 ಅಳತೆಯ ಇಟ್ಟಿಗೆ, ಅಡ್ಡ–ಉದ್ದ ಬೀದಿ, ಚರಂಡಿ, ನಡು ಅಂಗಳದ ಮನೆ, ಬಾವಿ, ದೊಡ್ಡ ಸ್ನಾನದ ಕೊಳ, ಉಗ್ರಾಣ. ಇಷ್ಟೇ, ವಾಕ್ಯ ಬೇಡ. ಮೂರನೆಯ ಸಲ ಆರೆಂಟು ಇಸವಿ, ಬಾಕ್ಸಿನಲ್ಲಿ ಕೊಟ್ಟ ಮೂಲ ಉದ್ಧರಣೆಗಳು, ಮ್ಯಾಪ್. ನಾಲ್ಕನೆಯ ಸಲ ಗಡಿಯಾರ ಇಟ್ಟು ಎರಡು ಉತ್ತರ, ಪುಸ್ತಕ ಮುಚ್ಚಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಈ ನಾಲ್ಕನೆಯ ಸಲದ ಕೆಲಸವನ್ನೇ ಎಲ್ಲರೂ ಬಿಡುವುದು, ಅದನ್ನು ದಯವಿಟ್ಟು ಬಿಡಬೇಡಿ.

ಇಸವಿಯನ್ನು ಒಂಟಿಯಾಗಿ ಬಾಯಿಪಾಠ ಮಾಡಿದರೆ ಕಾಲಾನುಕ್ರಮದ ಪ್ರಶ್ನೆಯಲ್ಲಿ ತಪ್ಪುತ್ತದೆ. ಸರಣಿಯಾಗಿ ಹಿಡಿಯಿರಿ: ಚಂಪಾರಣ್ 1917, ಅಹಮದಾಬಾದ್ ಮತ್ತು ಖೇಡಾ 1918, ರೌಲಟ್ ಮತ್ತು ಜಲಿಯನ್‌ವಾಲಾ 1919, ಚೌರಿ ಚೌರಾ 1922, ದಂಡಿ 1930, ಕ್ವಿಟ್ ಇಂಡಿಯಾ 1942. ಮ್ಯಾಪಿನಲ್ಲಿ ಚಂಪಾರಣ್ ಬಿಹಾರ, ಚೌರಿ ಚೌರಾ ಉತ್ತರ ಪ್ರದೇಶದ ಗೋರಖ್‌ಪುರದ ಹತ್ತಿರ. ಈ ಎರಡನ್ನು ಅದಲುಬದಲು ಮಾಡುವವರು ಬಹಳ. ಹಾಗೆಯೇ ಹರಪ್ಪಾ ನೆಲೆಗಳಲ್ಲಿ ಕಾಲಿಬಂಗನ್ ರಾಜಸ್ಥಾನ, ಬನಾವಲಿ ಹರಿಯಾಣ, ಲೋಥಲ್ ಗುಜರಾತ್.

ಇನ್ನೊಂದು: ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ತೆಗೆದುಹಾಕಿದ ಭಾಗಗಳಿಗಾಗಿ ಕೇರಳ 2023ರಲ್ಲಿ ಹೆಚ್ಚುವರಿ ಪಠ್ಯಪುಸ್ತಕ ತಂದಿದೆ. ಆ ಸಂಸ್ಥೆಯ ಪಿಡಿಎಫ್ ಒಂದನ್ನೇ ನಂಬಿ ಕೂರಬೇಡಿ.

ಚಂದ್ರಗಿರಿ ತೀರ:
ಟೀಚರ್ ಹೇಳಿದ ಹಾಗೆ ಮಾಡಿದರೆ ಹಿಸ್ಟರಿ ವಾರಕ್ಕೆ ಮೂರು ಗಂಟೆಗೆ ಇಳೀತದೆ. ಉಳಿದದ್ದರಲ್ಲಿ ಮೊದಲ ಪಾಲು ಇಕನಾಮಿಕ್ಸಿಗೆ ಕೊಡಿ, ದಿನಾ 25 ನಿಮಿಷ. ಸಂಜೆ ಕೂತ ಕೂಡಲೇ, ತಲೆ ಹೊಸತಾಗಿರುವಾಗ. ಲೆಕ್ಕವನ್ನು ಆದಿತ್ಯವಾರಕ್ಕೆ ಒಟ್ಟು ಮಾಡಿ ಇಟ್ಟರೆ ಕೈ ಓಡುವುದಿಲ್ಲ.

ರಾಷ್ಟ್ರೀಯ ಆದಾಯದಲ್ಲಿ ತಪ್ಪುವುದು ಕೂಡಿಸು–ಕಳೆಯಲ್ಲಿ. ಮಾರುಕಟ್ಟೆ ಬೆಲೆಯ ಜಿಡಿಪಿಯಿಂದ ಸವಕಳಿ ಕಳೆಯಿರಿ, ವಿದೇಶದಿಂದ ಬರುವ ನಿವ್ವಳ ಆದಾಯ ಕೂಡಿಸಿ, ನಿವ್ವಳ ಪರೋಕ್ಷ ತೆರಿಗೆ ಕಳೆಯಿರಿ. ಆಗ ಸಿಗುವುದು ರಾಷ್ಟ್ರೀಯ ಆದಾಯ, ಅಂದರೆ ಫ್ಯಾಕ್ಟರ್ ಕಾಸ್ಟಿನ ಎನ್‌ಎನ್‌ಪಿ. ವಿದೇಶದ ಆದಾಯ ಮೈನಸ್ ಕೊಟ್ಟಿದ್ದರೆ ಅದು ತಾನಾಗಿ ಕಳೆದುಹೋಗ್ತದೆ, ಎರಡು ಸಲ ಕಳೆಯಬೇಡಿ. ಮಲ್ಟಿಪ್ಲಯರ್ (ಹೂಡಿಕೆ ಏರಿದ್ದರ ಎಷ್ಟು ಪಟ್ಟು ಆದಾಯ ಏರ್ತದೆ ಎಂಬುದು) ಸುಲಭ: ಎಂಪಿಸಿ, ಅಂದರೆ ಹೆಚ್ಚಿದ ಆದಾಯದಲ್ಲಿ ಖರ್ಚಾಗುವ ಪಾಲು, 0.8 ಆದರೆ 1 ಭಾಗಿಸು 0.2, ಅಂದರೆ 5. ಹೂಡಿಕೆ 100 ಕೋಟಿ ಏರಿದರೆ ಆದಾಯ 500 ಕೋಟಿ ಏರ್ತದೆ.

ಜಿಯೋಗ್ರಫಿ ಪ್ರಾಕ್ಟಿಕಲ್ 40 ಸ್ಕೋರ್, ಅದೂ ಥಿಯರಿಗಿಂತ ಮೊದಲೇ ಬರುವುದು. ಶನಿವಾರಕ್ಕೆ ಒಂದು ಎಕ್ಸರ್ಸೈಸ್ ಬರೆದು ಮರುವಾರ ಟೀಚರ ಸಹಿ ಹಾಕಿಸಿ. ಪೈ ಚಾರ್ಟಿನಲ್ಲಿ ಡಿಗ್ರಿಗಳ ಮೊತ್ತ 360 ಬಂತಾ ಎಂದು ಕೂಡಿ ನೋಡದೆ ವೃತ್ತಕ್ಕೆ ಕೈ ಹಾಕಬೇಡಿ.

ಗಡಿನಾಡ ಓದುಗ:
ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ಹೊತ್ತು ನುಂಗುವುದು ಹಿಸ್ಟರಿಗಿಂತ ಹೆಚ್ಚಾಗಿ ಇಂಗ್ಲಿಷ್ ಪದಗಳೇ. ಪಾಠ ತೆರೆಯುವ ಮೊದಲು ಅದರ 20 ಪದ ಎರಡು ಕಾಲಂನಲ್ಲಿ ಬರೆದುಕೊಳ್ಳಿ. ಎಪಿಗ್ರಫಿ ಅಂದರೆ ಶಾಸನಶಾಸ್ತ್ರ, ಕ್ರಾನಿಕಲ್ ಅಂದರೆ ಆಸ್ಥಾನದ ವೃತ್ತಾಂತ, ಟೆನೆಂಟ್ ಅಂದರೆ ನಮ್ಮ ಗೇಣಿ ಒಕ್ಕಲು. ಅರ್ಥ ಕನ್ನಡದಲ್ಲಿ ಕೂತರೆ ಪ್ಯಾರಾವನ್ನು ಮೂರು ಸಲ ಓದುವುದು ತಪ್ಪುತ್ತದೆ.

ಊರಿನ ಗುರುತೂ ಸಹಾಯ ಮಾಡುತ್ತದೆ. ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಹೊರಟು ಮಂಗಳೂರಿನ ಮೇಲೆ ಹೋದವನು, 1443ರಲ್ಲಿ. ನಮ್ಮ ಕರಾವಳಿ ಉದ್ದಕ್ಕೂ ಹೋದ ದಾರಿ ಅದು. ವಿಜಯನಗರದ ಸೇನಾ ನಾಯಕರ ವ್ಯವಸ್ಥೆ ಓದುವಾಗ ಬೇಕಲ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನನ್ನು ನೆನಪಿಡಿ, ಕೆಳದಿಯವರು ಮೊದಲು ವಿಜಯನಗರದ ಅಧೀನರು. ರೈತವಾರಿ (ರೈತನಿಂದಲೇ ನೇರ ಕಂದಾಯ ಪಡೆಯುವ ಪದ್ಧತಿ) ಬಂದಾಗ ಅದನ್ನು ಬೆಳೆಸಿದ ಬ್ರಿಟಿಷ್ ಅಧಿಕಾರಿ ಮನ್ರೋ ನೆನಪಾಗಲಿ. 1799ರಲ್ಲಿ ಕೆನರಾದ ಕಲೆಕ್ಟರ್ ಆಗಿ ಬಂದವರು ಅವರು.

ಸಿಯುಇಟಿಗೆ ಬೇರೆ ಪುಸ್ತಕ ಬೇಡ, ಹಿಸ್ಟರಿ ಪ್ರಶ್ನೆ ಬರುವುದು ಪ್ಲಸ್ ಟು ಪಾಠದಿಂದಲೇ. 60 ನಿಮಿಷ, 50 ಪ್ರಶ್ನೆ. ಸರಿಯಾದರೆ 5, ತಪ್ಪಾದರೆ ಮೈನಸ್ 1. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಆರಿಸಿಕೊಳ್ಳಬಹುದು.

ಪಯಸ್ವಿನಿ:
ತುಂಬಾ ಉಪಕಾರ. ಒಂದು ಸಂಶಯ ಟೀಚರ್: ಒಂದೇ ವಿಷಯ ಎರಡು ಸಬ್ಜೆಕ್ಟಿನಲ್ಲಿ ಬಂದರೆ ಹಾಳೆ ಎರಡು ಮಾಡಬೇಕಾ?

ಕುಂಬಳೆ ಕಡೆಯ ಹಿಸ್ಟರಿ ಟೀಚರ್:
ಬೇಡ, ಒಂದೇ ಹಾಳೆ, ನಡುವೆ ಗೆರೆ. ದೇಶ ವಿಭಜನೆ ಹಿಸ್ಟರಿಯಲ್ಲೂ ಉಂಟು, ಪೊಲಿಟಿಕಲ್ ಸಯನ್ಸಿನ ರಾಷ್ಟ್ರ ನಿರ್ಮಾಣದ ಪಾಠದಲ್ಲೂ ಉಂಟು. ಎಡಗಡೆ ಜನರ ಅನುಭವ, ನೆನಪು, ಮೌಖಿಕ ಇತಿಹಾಸ. ಬಲಗಡೆ ಸಂಸ್ಥಾನಗಳ ವಿಲೀನ, ಭಾಷಾವಾರು ರಾಜ್ಯ. ಸಂವಿಧಾನ ರಚನೆಯನ್ನು ಪ್ಲಸ್ ವನ್‌ನಲ್ಲೇ ಓದಿದ್ದೀರಿ. ಆ ನೋಟಿಗೆ 1946 ಡಿಸೆಂಬರ್ 13ರ ಧ್ಯೇಯಗಳ ನಿರ್ಣಯ, ಒಂದೊಂದು ಸಮುದಾಯಕ್ಕೆ ಪ್ರತ್ಯೇಕ ಮತಕ್ಷೇತ್ರದ ಚರ್ಚೆ, ಭಾಷೆಯ ಚರ್ಚೆ ಸೇರಿಸಿದರೆ ಹಿಸ್ಟರಿ ಪಾಠ ಮುಕ್ಕಾಲು ಮುಗಿಯಿತು. ಈ ಎರಡು ಪಾಠ ಈ ವಾರವೇ ಹಿಡಿಯಿರಿ, ಉಳಿದ ಹೊತ್ತಿನಲ್ಲಿ ರೆಕಾರ್ಡ್ ಶುರು ಮಾಡಿ.