ಅಪ್ಪನ್ನ ಕೆರಿ ದಂಡಿಗೆ ಕರಕೊಂಡು ಹೋಗಿ ಇಡಬೇಕೇನು? ಅನುಭವ ಇದ್ದೋರು ಹೇಳ್ರಿ

ಅವ್ವ ತೀರಿಕೊಂಡು ಎಂಟು ತಿಂಗಳಾತು. ಅಪ್ಪಗ 74. ಧಾರವಾಡದ ಮನಿ ಬಿಟ್ಟು ಹುಬ್ಬಳ್ಳಿಯ ಉಣಕಲ್ ಕೆರಿ ಹತ್ರ ಬಾಡಗಿ ಮನಿ ಹಿಡೀಬೇಕಂತೀವಿ. ನೀರಿನ ಹತ್ರ ಇದ್ರ ವಯಸ್ಸಾದವರ ಮನಸ್ಸು ಹಗುರಾಗತದ ಅಂತಾರ. ಖರೇನೇ?

ಉಣಕಲ್ಲಿನಿಂದ:
ಖರೆ ಅದರೀ, ಆದ್ರ ನೀರು ಕಂಡ್ರಷ್ಟ ಸಾಲೂದಿಲ್ಲ. ಅಪ್ಪ ಹೋದ ಮ್ಯಾಲೆ ಅವ್ವನ್ನ ಇಲ್ಲಿಗೆ ಕರಕೊಂಡು ಬಂದ್ವಿ. ಮೂರು ತಿಂಗಳು ಬಾಲ್ಕನಿಯೊಳಗ ಕೆರಿ ಕಡೆ ಮುಖ ಮಾಡಿ ಕುರ್ಚಿ ಹಾಕಿ ಕೂಡಿಸಿದ್ವಿ. ಅಕಿ ಒಳಗ ತಿರುಗಿ ಗಡಿಯಾರ ನೋಡತಿದ್ಲು. ಒಂದಿನ ನನ್ನ ಮಗಳು ಹಠ ಮಾಡಿ ಕೆಳಗ ಕರಕೊಂಡು ಹೋದಳು. ವಿವೇಕಾನಂದರ ಮೂರ್ತಿ ಕಾಣೋ ಕಡೆ ಕೂತಿದ್ದ ಅಜ್ಜಿಯೊಬ್ಬರು, "ಯಾವೂರವಾ ನಿಂದು?" ಅಂದ್ರಂತ. ಮರುದಿನ ಐದು ಹೊಡೆಯೂದ್ರೊಳಗ ಅವ್ವ ಸೀರಿ ಬದಲಿಸಿ ಬಾಗಲದಾಗ ನಿಂತಿದ್ಲು.

ಹಾಂಗ್‌ಕಾಂಗಿನ ವಯಸ್ಸಾದವರ ಮ್ಯಾಲೆ ಮಾಡಿದ ಅಧ್ಯಯನವೊಂದು 2019ರಾಗ ಬಂದದ. ಮನಿಯಿಂದ ನೀರು ಕಾಣೋರು ಆರೋಗ್ಯ ಚಲೋ ಅದ ಅಂದದ್ದು ಹೆಚ್ಚು. ಮನಸ್ಸಿನ ನೆಮ್ಮದಿ ಮಾತ್ರ, ಬೇಕಂತ ನೀರಿನ ಕಡೆ ಹೋಗಿ ಬರೋರಾಗ ಹೆಚ್ಚು ಕಂಡದ. ಹತ್ತು-ಹದಿನೈದು ನಿಮಿಷದ ನಡಿಗಿ, ಅಲ್ಲಿ ಅನುಕೂಲ ಇದ್ರ ಜನ ಮತ್ತ ಮತ್ತ ಹೋಗತಾರ. ಮನಸ್ಸು ನೆಟ್ಟಗಿದ್ದೋರೇ ಹೊರಗ ಬೀಳತಾರ ಅನ್ನೂದೂ ಇದ್ದೀತು. ಆದ್ರೂ ನಮ್ಮ ಮನ್ಯಾಗ ಆದದ್ದು ಹಂಗೇ.

ಅದಕ್ಕ ಕೆರಿ ಕಾಣೋ ಮನಿ ಬ್ಯಾಡ, ಅಪ್ಪಾರು ಒಬ್ಬರೇ ನಡದು ಮುಟ್ಟೋ ಮನಿ ನೋಡ್ರಿ. ಕೆರಿ ಬಿಟ್ಟು ರಸ್ತೆದ ಆ ಕಡೆ ಮನಿ ಹಿಡಿಯಬ್ಯಾಡ್ರಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಓಡೋ ಅಷ್ಟಗಲದ ರಸ್ತೆ ದಾಟೂದು ಆ ವಯಸ್ಸಿಗೆ ಅಂಜಿಕಿ. ಅಂಜಿಕಿ ಬಂತಂದ್ರ ನಡಿಗಿ ನಿಂತ್ಹೋಗತದ.

ಕೆಲಗೇರಿಯಿಂದ:
ಧಾರವಾಡ ಯಾಕ ಬಿಡಸ್ತೀರಿ? ಕೆಲಗೇರಿ ಕೆರಿ ಐತಿ, ಸಾಧನಕೇರಿ ಐತಿ. ಕೆರಿ ಸಿಗತೈತಿ, ನಲವತ್ತು ವರ್ಷದ ಗೆಳ್ಯಾರು ಹುಬ್ಬಳ್ಳ್ಯಾಗ ಸಿಗೂದಿಲ್ಲ. ಮನಿ ಹಿಡಿಯೂಕಿಂತ ಮೊದಲ ಬ್ಯಾಸಗಿಯೊಳಗ ಸಂಜಿಮುಂದ ಒಮ್ಮೆ ಅಲ್ಲಿ ನಿಂದರ್ರಿ. ನೀರಿನ ಮ್ಯಾಲೆ ಬೆಳದ ಅಂತರಗಂಗಿ ಕಳೆ ಕೊಳತು ನಾರಾಕತ್ತಿದ್ರ, ಗುಂಗಾಡ ಮುತ್ತಿದ್ರ, ಕಿಡಕಿ ಹಾಕ್ಕೊಂಡ ಬದುಕಬೇಕಾಗತೈತಿ.

ಗದಗಿನಿಂದ:
ನಮ್ಮ ಮಾವನೋರು ಊಟ ಬಿಟ್ಟಿದ್ರು, ನಸುಕಿನ್ಯಾಗ ಎದ್ದು ಒಬ್ಬರೇ ಅಳತಿದ್ರು. ತಿರಗ್ಯಾಡಿದ್ರ ಸರಿ ಹೋದಾರು ಅಂತ ಐದು ತಿಂಗಳು ಕಳದ್ವಿ, ಅದು ನಮ್ಮ ತಪ್ಪು. ನಿಮ್ಮ ಅಪ್ಪಾರು ಹಿಂಗ ಇದ್ರ ಮನಿ ಹುಡುಕೂದು ಆಮ್ಯಾಲೆ, ಮೊದಲ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರಿ ಡಿಮ್ಹಾನ್ಸಿಗೆ ಕರಕೊಂಡು ಹೋಗ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಿದ್ರ ಕನ್ನಡದಾಗೂ ಮಾತಾಡತಾರ, ರೊಕ್ಕ ಇಲ್ಲ. ನಮ್ಮೋರು ಗುಳಿಗಿ ಚಾಲೂ ಮಾಡಿ ಒಂದೂವರೆ ತಿಂಗಳಾಗಿತ್ತು, ತಾವೇ ಕೋಲು ಹುಡುಕಿ ತಗೊಂಡು, "ನಡೀವಾ, ಭೀಷ್ಮ ಕೆರಿ ಕಡೆ ಹೋಗಿ ಬರೂಣು" ಅಂದ್ರು.