ದಖ್ಮಾ ಬಗ್ಗೆ ಬರೆಯುವಾಗ ‘ಬರ್ಬರ’ ಪದ ತೆಗೆದರೆ ಸಾಕಾ?

ಪ್ರಶ್ನೆ:
ಅಂತ್ಯಸಂಸ್ಕಾರಗಳ ಕುರಿತ ಲೇಖನ ತಿದ್ದುತ್ತಿದ್ದೇನೆ. ಪಾರ್ಸಿಗಳು ಹೆಣವನ್ನು ದಖ್ಮಾ ಎಂಬ ಕಟ್ಟಡದಲ್ಲಿ ಹಕ್ಕಿಗಳಿಗೆ ಬಿಡುವುದು "ಹೆಣವನ್ನು ಹದ್ದುಗಳಿಗೆ ಎಸೆಯುವ ಬರ್ಬರ ಪದ್ಧತಿ" ಅಂತಿದೆ. ಅದೇ ಪುಟದಲ್ಲಿ, ಹೆಣ ಕೆಡದಂತೆ ರಾಸಾಯನಿಕ ತುಂಬುವ ಅಮೆರಿಕದ ಎಂಬಾಮಿಂಗ್‌ಗೆ "ಗೌರವದ ವಿದಾಯ". ಪದ ಕಿತ್ತರೆ ಸಾಕಾ, ವಾಕ್ಯವೇ ಬದಲಾಗಬೇಕಾ?

ಉತ್ತರ 1:
ವಾಕ್ಯವೇ. ತಪ್ಪಿರೋದು "ಎಸೆಯುವ"ದಲ್ಲಿ. ಯಾರೂ ಎಸೆಯಲ್ಲ. ಮೊದಲು ಸ್ನಾನ, ಪ್ರಾರ್ಥನೆ. ನಾಯಿಗೆ ಹೆಣದ ಮುಖ ತೋರಿಸುವ ‘ಸಗ್‌ದೀದ್’. ಆಮೇಲೆ ಹೆಣ ಹೊರುವ ನಸಸಾಲಾರರು ಮಾತ್ರ ಒಳಗೆ ಒಯ್ಯುತ್ತಾರೆ. ದಖ್ಮಾ ಅಂದರೆ ಚಾವಣಿ ಇಲ್ಲದ ದುಂಡನೆಯ ಕಲ್ಲುಕಟ್ಟಡ. ನೆಲ ನಡುವಿನ ಬಾವಿಯ ಕಡೆಗೆ ಇಳಿಜಾರು. ಮೂರು ಸುತ್ತು: ಹೊರಗಿನದು ಗಂಡಸರಿಗೆ, ನಡುವಿನದು ಹೆಂಗಸರಿಗೆ, ಒಳಗಿನದು ಮಕ್ಕಳಿಗೆ. ಒಣಗಿದ ಮೂಳೆ ಬಾವಿಗೆ ಹೋಗುತ್ತದೆ; ಮಳೆನೀರು ಇದ್ದಿಲಿನ ಮೂಲಕ ಸೋಸಿ ಇಂಗುತ್ತದೆ. ಮಣ್ಣು, ನೀರು, ಬೆಂಕಿ ಮೈಲಿಗೆಯಾಗಬಾರದು ಅನ್ನೋದೇ ಲೆಕ್ಕಾಚಾರ. ಅವರ ಕಣ್ಣಲ್ಲಿ ಹೆಣವನ್ನು ಬೆಂಕಿಗೆ ಕೊಡುವ ನಾವೇ ಅಪಚಾರ ಮಾಡುವವರು. ಅಂದಹಾಗೆ, ಅದು ಹದ್ದಲ್ಲ, ರಣಹದ್ದು.

ಉತ್ತರ 2:
ಒಂದು ಪರೀಕ್ಷೆ ಮಾಡಿ. ಎಂಬಾಮಿಂಗನ್ನೂ ಅದೇ ಹಸಿಹಸಿ ಭಾಷೆಯಲ್ಲಿ ಬರೆಯಿರಿ: ಕುತ್ತಿಗೆ ಬುಡ ಕೊಯ್ದು, ಅಪಧಮನಿಗೆ ಫಾರ್ಮಾಲ್ಡಿಹೈಡ್ ದ್ರಾವಣ ಪಂಪ್ ಮಾಡಿ, ಅಭಿಧಮನಿಯಿಂದ ರಕ್ತ ಬಸಿದು, ಹೊಟ್ಟೆಗೆ ಕೊಳವೆ ಚುಚ್ಚಿ ಒಳಗಿನದನ್ನು ಹೀರಿ, ಬಾಯಿ ಹೊಲಿದು, ಮುಖಕ್ಕೆ ಬಣ್ಣ ಬಳಿಯುತ್ತಾರೆ. ಒಂದೂ ಸುಳ್ಳಲ್ಲ. ಈಗ ಯಾವುದು ಗೌರವ, ಯಾವುದು ಬರ್ಬರ? ನಮ್ಮದರ ಉದ್ದೇಶ ಹೇಳೋದು, ಪರರದ್ದರ ಹೆಣ ತೋರಿಸೋದು. ಪಕ್ಷಪಾತ ನುಸುಳೋ ಸಂದಿ ಅದು. ಎರಡು ಪದ್ಧತಿಗೂ ಉದ್ದೇಶ, ವಿಧಾನ ಎರಡನ್ನೂ ಕೊಡಿ.

ಉತ್ತರ 3:
ದಹನವೂ ಈ ಬೈಗುಳ ತಿಂದಿದೆ. ವೇಲ್ಸ್‌ನ ವೈದ್ಯ ವಿಲಿಯಂ ಪ್ರೈಸ್ 1884ರಲ್ಲಿ ತೀರಿಕೊಂಡ ಮಗುವನ್ನು ಸುಡಲು ಹೋದಾಗ ಜನ ರೊಚ್ಚಿಗೆದ್ದರು, ಅವನ ಮೇಲೆ ಕೇಸಾಯಿತು. ಸುಡುವುದೇ ಅಪರಾಧವಲ್ಲ ಅಂತ ಕೋರ್ಟು ಹೇಳಿತು. 1902ಕ್ಕೆ ಬ್ರಿಟನ್ನಿನಲ್ಲಿ ದಹನದ ಕಾಯ್ದೆಯೇ ಬಂತು. ಕ್ಯಾಥೊಲಿಕ್ ಚರ್ಚ್ ಒಪ್ಪಿದ್ದು 1963ರಲ್ಲಿ. ನಮ್ಮಲ್ಲೇ ನೋಡಿ, ಒಂದೇ ಊರಲ್ಲಿ ಒಂದು ಮನೆಯವರು ಸುಡುತ್ತಾರೆ, ಪಕ್ಕದ ಲಿಂಗಾಯತರು ಹೆಣವನ್ನು ಕೂರಿಸಿ ಹೂಳುತ್ತಾರೆ. ಯಾರೂ ಯಾರನ್ನೂ ಅನಾಗರಿಕರು ಅನ್ನಲ್ಲ, ನೋಡಿ ರೂಢಿಯಾಗಿದೆ ಅಷ್ಟೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಯಾವುದನ್ನೂ ತಪ್ಪು ಅನ್ನಲೇಬಾರದಾ? ಸತಿ?

ಉತ್ತರ 1:
ಅನ್ನಿ, ಧಾರಾಳವಾಗಿ. ಸತಿಯಲ್ಲಿ ಬೇಯುವುದು ಜೀವಂತ ಹೆಂಗಸು. ಅಲ್ಲಿ ಯಾರಿಗೆ ನೋವು, ಯಾರ ಒಪ್ಪಿಗೆ ಅಂತ ಕೇಳಬಹುದು. ಹೇಸಿಗೆ ಆಯಿತು ಅನ್ನೋದು ಕಾರಣವಲ್ಲ. ದಖ್ಮಾದಲ್ಲೂ ನಿಜವಾದ ತೊಡಕಿದೆ. ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಬರಿದುಮಾಡಿತು. ಪಶುಚಿಕಿತ್ಸೆಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ರಣಹದ್ದುಗಳಿಲ್ಲದೆ ಹೆಣ ಉಳಿಯುವುದರಿಂದ, ಅದು ಬೇಗ ಒಣಗಲಿ ಅಂತ ಮುಂಬೈಯಲ್ಲಿ ಬಿಸಿಲು ಕೇಂದ್ರೀಕರಿಸುವ ಕನ್ನಡಿ ಹಾಕಿದರು, ಮಳೆಗಾಲದಲ್ಲಿ ಅವು ಕೆಲಸಕ್ಕೆ ಬರಲ್ಲ. ಟೀಕೆಯ ಪ್ಯಾರಾ ಬೇಕೇಬೇಕು ಅಂತಿದ್ದರೆ ಇದನ್ನು ಬರೆಯಿರಿ.