ಗಟ್ಟಿ, ಬಿಗಿ, ಕೂತಿದೆ: ಬೈಕಿನ ಮುಂದಿನ ಫೋರ್ಕ್ ಬಗ್ಗೆ ಒಂದು ಪದದ ಹುಡುಕಾಟ

ಎಲ್ಲರಿಗೂ ನಮಸ್ಕಾರ. ನನಗೆ ಬೇಕಾಗಿರುವುದು ಒಂದೇ ಒಂದು ಪದ. ಇಂಗ್ಲಿಷಿನಲ್ಲಿ ‘ಸ್ಯಾಗ್’ ಅಂತಾರಲ್ಲ, ಅದಕ್ಕೆ. ಬೈಕ್ ಮೇಲೆ ಕೂತ ತಕ್ಷಣ ಮುಂದಿನ ಶಾಕ್ಸ್ (ಫೋರ್ಕ್ ಅನ್ನೋದೂ ಇದನ್ನೇ, ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು) ತನ್ನಷ್ಟಕ್ಕೆ ತಾನೇ ಒಂದಿಷ್ಟು ಕೆಳಗಿಳಿಯುತ್ತದೆ, ಆ ಇಳಿಯುವ ಅಳತೆಗೆ ಒಂದು ಹೆಸರು ಬೇಕು. ಆದರೆ ಅದಕ್ಕೆ ಮುಂಚೆ ಸ್ವಲ್ಪ ಕಥೆ ಹೇಳಲೇಬೇಕು. ಯಾಕಂದ್ರೆ ಒಂದು ಪದ ಹೆಚ್ಚುಕಮ್ಮಿ ಆಗಿದ್ದಕ್ಕೆ ನಾನು ಗ್ಯಾರೇಜಿನಲ್ಲಿ ಎರಡು ಸಲ ದುಡ್ಡು ಕೊಟ್ಟು ಬಂದಿದ್ದೇನೆ.

ನಾನಿರುವುದು ತುಮಕೂರಿನಲ್ಲಿ. ಗಾಡಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬೈಕ್. ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಕೊರಟಗೆರೆ, ಮಧುಗಿರಿ ಕಡೆ ಹೋಗುತ್ತೇವೆ. ಕಾಡಿನೊಳಗೆ ಅಲ್ಲ. ಬತ್ತಿದ ಕೆರೆ ಅಂಗಳ, ಗೊರಚು ದಿಣ್ಣೆ, ಹೊಲದ ಬದುವಿನ ಪಕ್ಕದ ಬಂಡಿ ಜಾಡು, ಇಷ್ಟೇ ನಮ್ಮ ಆಟ. ಈ ಗಾಡಿಯ ಮುಂದಿನ ಫೋರ್ಕ್ ಪೈಪು 37 ಮಿಲಿಮೀಟರ್ ದಪ್ಪ, ಮೇಲೆ ಕೆಳಗೆ ಓಡಾಡುವ ದೂರ 190 ಮಿಲಿಮೀಟರ್. ಈ ದೂರಕ್ಕೆ ‘ಟ್ರಾವೆಲ್’ ಅಂತ ಹೇಳಬೇಕು. ಮೊದಲ ಸಲ ನಮ್ಮ ಅತ್ತೆ ಮಗನಿಗೆ ‘ಇದರ ಟ್ರಾವೆಲ್ ಎಷ್ಟು ಗೊತ್ತಾ’ ಅಂದಾಗ ಅವನು ಒಂದು ಟ್ಯಾಂಕಿಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ತಿಳಿದುಕೊಂಡ, ಅದು ಬೇರೆ ವಿಷಯ.

190 ಕಮ್ಮಿ ಏನಲ್ಲ. ಆದರೆ ನಾನು ಸ್ವಲ್ಪ ತೂಕದ ಆಸಾಮಿ. ಕೊರಕಲಿಗೆ ಇಳಿದಾಗಲೆಲ್ಲ ಮುಂದೆ ಢಣ್ ಅಂತ ಶಬ್ದ. ಫೋರ್ಕ್ ಪೂರ್ತಿ ಒಳಗೆ ಹೋಗಿ ತಳಕ್ಕೆ ಬಡಿಯುತ್ತಿತ್ತು. ನಾವು ಇದನ್ನು ‘ತಳ ತಟ್ಟೋದು’ ಅಂತೀವಿ. ಒಬ್ಬ ಗೆಳೆಯ ‘ತಳ ಹಿಡೀತಿದೆ’ ಅಂತ ಬರೆದು ಎಲ್ಲರ ಕೈಲಿ ಬೈಸಿಕೊಂಡ, ತಳ ಹಿಡಿಯೋಕೆ ಅದೇನು ಹಾಲಾ?

ಸರಿ, ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಭಾಯ್‌ಗೆ ಹೇಳಿದ್ದು ಇಷ್ಟೇ, ‘ಮುಂದೆ ಶಾಕ್ಸ್ ಗಟ್ಟಿ ಮಾಡ್ಕೊಡಿ.’ ಅವರು ಫೋರ್ಕಿನ ಮೇಲಿನ ನಟ್ಟು ಬಿಚ್ಚಿದರು. ಸ್ಪ್ರಿಂಗ್ ಮೇಲೆ ಹೆಬ್ಬೆರಳ ಅಗಲದ ಪೈಪ್ ತುಂಡು ಒಂದೊಂದು ಕೂರಿಸಿದರು. ಆಮೇಲೆ ಎದೆ ಭಾರ ಎಲ್ಲಾ ಹಾಕಿ ನಟ್ಟನ್ನು ಒತ್ತಿ ಹಿಡಿದು ತಿರುಪಿದರು. ಒಂದು ಸಲ ಜಾರಿ ನಟ್ಟು ಹಾರಿ ಪಕ್ಕದ ಟೈರ್ ಗುಡ್ಡೆಗೆ ಬಿತ್ತು. ಹುಡುಗ ಹುಡುಕಿ ತಂದ. ಮುಗೀತು. ನಿಂತಲ್ಲೇ ಹ್ಯಾಂಡಲ್ ಅದುಮಿ ನೋಡಿದರೆ ಅಬ್ಬಾ, ಕಲ್ಲಿನ ಹಾಗಿದೆ. ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಮುಂದಿನ ಭಾನುವಾರ ಗೊತ್ತಾಯ್ತು. ಸಣ್ಣ ಜಲ್ಲಿ ಮೇಲೆ ಹೋದರೆ ಕೈಯೆಲ್ಲ ಗಡಗಡ. ಮುಂದಿನ ಚಕ್ರ ನೆಲ ಬಿಟ್ಟಾಗೆಲ್ಲ ಟಕ್ ಅಂತ ಮೇಲೆ ಬಡಿಯೋದು. ಆದರೆ ಅದೇ ಕೊರಕಲಿಗೆ ಇಳಿದರೆ, ಸ್ವಲ್ಪ ತಡವಾಗಿ, ಅದೇ ಢಣ್! ವಾಪಸ್ ಹೋಗಿ ಕೇಳಿದೆ.

‘ನೀವೇ ತಾನೆ ಸಾರ್ ಟೈಟ್ ಮಾಡಿ ಅಂದಿದ್ದು?’

‘ಟೈಟ್ ಅಂದಿಲ್ಲ ಭಾಯ್, ಗಟ್ಟಿ ಅಂದಿದ್ದು.’

‘ಎರಡೂ ಒಂದೇ ಅಲ್ವಾ ಸಾರ್?’

ಒಂದೇ ಅಲ್ಲ. ನಾನು ಇಷ್ಟೆಲ್ಲ ಬರೆಯೋಕೆ ಕೂತಿದ್ದೇ ಇದಕ್ಕೆ. ಹಗ್ಗವನ್ನು ಎಷ್ಟು ಬೇಕಾದರೂ ಬಿಗಿಯಾಗಿ ಕಟ್ಟಬಹುದು. ಆದರೆ ಹಗ್ಗ ಗಟ್ಟಿ ಇರಬೇಕು ಅಂದರೆ ಬೇರೆ ಹಗ್ಗವನ್ನೇ ತರಬೇಕು. ಬಿಗಿ ಅನ್ನೋದು ನಾವು ಮಾಡಿದ್ದು, ಗಟ್ಟಿ ಅನ್ನೋದು ವಸ್ತುವಿನ ಗುಣ. ಸ್ಪ್ರಿಂಗಿಗೂ ಹಾಗೇ. ಒಂದು ಮಿಲಿಮೀಟರ್ ಅದುಮೋಕೆ ಅರ್ಧ ಕೆಜಿ ಭಾರ ಬೇಕಾದ ಸ್ಪ್ರಿಂಗ್ ಇದೆ ಅಂದುಕೊಳ್ಳಿ. ಅದನ್ನು ಮೊದಲೇ 10 ಮಿಲಿಮೀಟರ್ ಒತ್ತಿ ಕೂರಿಸಿದರೆ 5 ಕೆಜಿ ಬೀಳುವ ತನಕ ಅದು ಅಲ್ಲಾಡುವುದೇ ಇಲ್ಲ. ಅದಕ್ಕೇ ಸಣ್ಣ ಕಲ್ಲಿಗೆ ಕೈ ನಡುಗಿದ್ದು. ಆದರೆ ಒಮ್ಮೆ ಅಲ್ಲಾಡೋಕೆ ಶುರುವಾದ ಮೇಲೆ ಮತ್ತೆ ಮಿಲಿಮೀಟರಿಗೆ ಅರ್ಧ ಕೆಜಿಯೇ, ಒಂದು ಗುಲಗಂಜಿ ಜಾಸ್ತಿ ಇಲ್ಲ. ಕೊನೆಯಲ್ಲಿ ಸಿಗೋದು ಮೊದಲೇ ತುಂಬಿಟ್ಟ ಆ 5 ಕೆಜಿ ಅಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ‘ಪ್ರೀಲೋಡ್’ ಅಂತಾರೆ. ಅದನ್ನು ‘ಪೂರ್ವಭಾರ’ ಅಂತ ಮಾಡಿದರೆ ಯಾವುದೋ ಇಲಾಖೆಯ ಆದೇಶದ ಹಾಗೆ ಕೇಳುತ್ತದೆ. ಸುಮ್ನೆ ‘ಬಿಗಿ’ ಅಂದರೆ ಸಾಕು. ಸ್ಪ್ರಿಂಗ್ ಬಿಗಿ ಬೇರೆ, ಸ್ಪ್ರಿಂಗ್ ಗಟ್ಟಿತನ ಬೇರೆ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬೇರೆ ಮಾಡಿ ಹೇಳೋಕೆ ಬರುವಾಗ ‘ಟೈಟ್’ ಅನ್ನೋ ಒಂದೇ ಪದದಲ್ಲಿ ಎರಡನ್ನೂ ಕಲಸಿದವರು ನಾವೇ. ಭಾಯ್‌ದು ತಪ್ಪಿಲ್ಲ, ಅವರ ಅಂಗಡಿಯಲ್ಲಿ ಬರೋರೆಲ್ಲ ಗಟ್ಟಿ, ಟೈಟ್, ಹಾರ್ಡ್ ಅಂತ ಬಾಯಿಗೆ ಬಂದದ್ದು ಹೇಳ್ತಾರೆ.

ಎರಡನೇ ಸಲ ದುಡ್ಡು ಹೋಗಿದ್ದು ಆಯಿಲ್‌ಗೆ. ‘ಹಂಗಾದ್ರೆ ಆ ತುಂಡು ತೆಗೆದು ದಪ್ಪ ಆಯಿಲ್ ಹಾಕೋಣ ಸಾರ್’ ಅಂದರು. ಮೊದಲಿನದಕ್ಕಿಂತ ದಪ್ಪ, 15 ಡಬ್ಲ್ಯೂ ಅನ್ನೋ ನಂಬರಿನದು. ಪಠ್ಯಪುಸ್ತಕದಲ್ಲಿ ಆಯಿಲ್‌ನ ಈ ದಪ್ಪಕ್ಕೆ ‘ಸ್ನಿಗ್ಧತೆ’ ಅಂತಿದೆ. ನಮ್ಮ ಅಡುಗೆಮನೆಯಲ್ಲಿ ‘ಮಂದ’ ಅಂತಾರೆ. ಮಜ್ಜಿಗೆ ಮಂದವಾಗಿದೆ, ಗಂಜಿ ಮಂದವಾಗಿದೆ. ನನಗೆ ಈ ಪದವೇ ಸರಿ ಅನ್ನಿಸುತ್ತೆ, ಯಾಕಂದ್ರೆ ಮಂದ ಅಂದರೆ ನಿಧಾನ ಅಂತಲೂ ಅರ್ಥ ಇದೆ. ಮಂದ ಆಯಿಲ್ ಹಾಕಿದರೆ ಫೋರ್ಕೂ ಮಂದ ಆಗುತ್ತದೆ. ಕೆಳಗೆ ಹೋಗೋದೂ ನಿಧಾನ, ಮೇಲೆ ಬರೋದೂ ನಿಧಾನ. ಒಂದು ಗುಂಡಿ ಆದರೆ ಪರವಾಗಿಲ್ಲ. ಸಾಲಾಗಿ ನಾಲ್ಕು ಗುಂಡಿ ಬಂದರೆ, ಮೊದಲನೆಯದಕ್ಕೆ ಒಳಗೆ ಹೋದದ್ದು ಪೂರ್ತಿ ಮೇಲೆ ಬರುವ ಮೊದಲೇ ಎರಡನೆಯದು, ಅದು ಬರುವಷ್ಟರಲ್ಲಿ ಮೂರನೆಯದು, ಹೀಗೆ ಕುಗ್ಗುತ್ತಾ ಕುಗ್ಗುತ್ತಾ ನಾಲ್ಕನೆಯದಕ್ಕೆ ಮತ್ತೆ ಢಣ್. ಆಯಿಲ್ ಮಾಡುವ ಈ ಕೆಲಸಕ್ಕೆ ‘ಅವಮಂದನ’ ಅಂತ ಒಂದು ಪದ ಇದೆ, ನೋಡಿ ಅಲ್ಲೂ ಮಂದ ಕೂತಿದೆ. ಆದರೆ ಭಾಯ್ ಹೇಳೋದು ‘ಹಿಡಿತ’. ಆಯಿಲ್ ಸೋರಿದ ಬೈಕನ್ನು ಒಂದು ಸಲ ಅದುಮಿ ಬಿಟ್ಟು, ಅದು ಕುಪ್ಪಳಿಸೋದು ನೋಡಿ, ‘ಹಿಡಿತ ಇಲ್ಲ ಸಾರ್, ಸೀಲ್ ಹೋಗಿದೆ’ ಅಂತಾರೆ. ನನ್ನ ವೋಟು ಹಿಡಿತಕ್ಕೆ.

ಇನ್ನು ‘ಫೋರ್ಕ್’. ಬಿ.ಎಚ್. ರಸ್ತೆಯ ಸ್ಪೇರ್ಸ್ ಅಂಗಡಿಯೊಂದರಲ್ಲಿ ‘ಫೋರ್ಕ್ ಎಷ್ಟಾಗುತ್ತೆ’ ಅಂತ ಕೇಳಿದೆ. ‘ಹಿಂದಿಂದಾ, ಮುಂದಿಂದಾ?’ ಅಂದರು. ಹಿಂದೆ ಎಲ್ಲಿಯ ಫೋರ್ಕು ಅಂತ ನಾನು ತಬ್ಬಿಬ್ಬು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ಗೂ ಅಂಗಡಿ ಭಾಷೆಯಲ್ಲಿ ಫೋರ್ಕ್ ಅಂತಲೇ ಹೆಸರು. ಯೋಚಿಸಿದರೆ ಅದೇ ನಿಜವಾದ ಕವಲು, ಒಂದೇ ಕಬ್ಬಿಣ ಎರಡಾಗಿ ಸೀಳಿಕೊಂಡು ಚಕ್ರ ಹಿಡಿಯುತ್ತದೆ. ಮುಂದಿನದು ಈಗ ಎರಡು ಬೇರೆ ಬೇರೆ ಕೊಳವೆ, ಒಂದರೊಳಗೊಂದು ಜಾರುವಂಥವು. ಆಯಿಲ್ ಹಿಡಿತ ಇರುವ ಈ ಥರದ ಫೋರ್ಕನ್ನು ಕಾರ್ಖಾನೆಯಿಂದಲೇ ಮೊದಲು ಕೂರಿಸಿ ಮಾರಿದ್ದು ಬಿಎಂಡಬ್ಲ್ಯೂ, 1935ರಲ್ಲಿ, ಆರ್12 ಗಾಡಿಗೆ. ರೂಪ ಬದಲಾದರೂ ಹಳೆಯ ಹೆಸರೇ ಉಳಿಯಿತು.

ಇದಕ್ಕೆ ‘ಕವೆ’ ಅನ್ನಬಹುದು ಅಂತ ನಮ್ಮಲ್ಲಿ ಕೆಲವರು ಹೇಳಿದ್ದಾರೆ. ಪದ ಚೆನ್ನಾಗಿದೆ, ಸೈಕಲ್ಲಿಗಾದರೆ ಒಪ್ಪುತ್ತೇನೆ. ಹಿಂದಿ ಸೈಕಲ್ ಅಂಗಡಿಯವರು ಚಿಮಟಾ ಅನ್ನೋ ಹಾಗೆ ನಾವು ಕವೆ ಅನ್ನಬಹುದಿತ್ತು. ಆದರೆ ನಮ್ಮ ಕಡೆ ಕವೆಗೋಲು ಅಂದರೆ ಬೇಲಿ ಮುಳ್ಳು ತಳ್ಳುವ ಕೋಲು. ಅದು ಅದುಮಿದರೆ ಇಳಿಯೋದಿಲ್ಲ, ಬಿಟ್ಟರೆ ಏಳೋದಿಲ್ಲ. ಜನರ ಬಾಯಲ್ಲಿ ಇರೋದು ಶಾಕ್ಸ್, ಶಾಕಬ್ಸರ್. ಬಿಡಿಭಾಗ ತರುವಾಗ ಫೋರ್ಕ್, ಫೋರ್ಕ್ ಪೈಪ್. ಇದ್ದದ್ದನ್ನೇ ಇಟ್ಟುಕೊಳ್ಳೋಣ ಅಂತ ನನ್ನ ಮಾತು.

ಒಂದು ಕಡೆ ಮಾತ್ರ ಮನಸ್ಸು ಸೋತಿತು. ಎರಡು ಫೋರ್ಕ್ ಪೈಪನ್ನು ಮೇಲೆ ಹಿಡಿದಿಡುವ ಭಾಗಕ್ಕೆ ಇಲ್ಲಿ ‘ಟಿ’ ಅಂತಾರೆ, ಆಕಾರ ನೋಡಿ ಇಟ್ಟ ಹೆಸರು. ಅಮೆರಿಕದವರು ಟ್ರಿಪಲ್ ಕ್ಲಾಂಪ್ ಅಂತಾರೆ. ಇಂಗ್ಲೆಂಡಿನವರು ಏನಂತಾರೆ ಗೊತ್ತಾ? ಯೋಕ್. ಅಂದರೆ ನೊಗ! ಎಡಕ್ಕೊಂದು ಬಲಕ್ಕೊಂದು ಎತ್ತು, ನಡುವೆ ಮೂಕಿ. ಎಡಕ್ಕೊಂದು ಬಲಕ್ಕೊಂದು ಪೈಪು, ನಡುವೆ ಹ್ಯಾಂಡಲ್ ತಿರುಗಿಸುವ ರಾಡು. ಎಷ್ಟು ಸರಿಯಾಗಿ ಕೂರುತ್ತೆ ಅಲ್ವಾ? ಅಂಗಡಿಗೆ ಹೋಗಿ ‘ಎಕ್ಸ್‌ಪಲ್ಸ್‌ಗೆ ಕೆಳಗಿನ ನೊಗ ಕೊಡಿ’ ಅಂತ ಕೇಳುವ ಧೈರ್ಯ ನನಗಿಲ್ಲ, ಯಾರಿಗಾದರೂ ಇದ್ದರೆ ಕೇಳಿ ನೋಡಿ.

ಅತ್ತೆ ಮಗನ ಸಾಹಸವನ್ನೂ ಹೇಳಿಬಿಡುತ್ತೇನೆ, ಅದರಲ್ಲೂ ಪದಗಳಿವೆ. ಅವನದೂ ಇದೇ ಗಾಡಿ. ಇದಕ್ಕೆ ಕಂಪನಿಯವರೇ 2020ರಲ್ಲಿ ರ‍್ಯಾಲಿ ಕಿಟ್ ಅಂತ ಬಿಟ್ಟಿದ್ದರು, ಅದರಲ್ಲಿ ಮುಂದೆ 250 ಮಿಲಿಮೀಟರ್ ಟ್ರಾವೆಲ್. ಅವನಿಗೆ ಅದು ಬೇಡ, ಬೇರೆ ಗಾಡಿಯ ಯುಎಸ್‌ಡಿ ಫೋರ್ಕೇ ಬೇಕು. ಯುಎಸ್‌ಡಿ ಅಂದರೆ ಡಾಲರ್ ಅಲ್ಲ, ಅಪ್‌ಸೈಡ್ ಡೌನ್. ದಪ್ಪ ಕೊಳವೆ ಮೇಲೆ, ಸಣ್ಣ ಕೊಳವೆ ಕೆಳಗೆ. ಹೊಡೆತ ಬಿದ್ದಾಗ ಫೋರ್ಕ್ ಜಾಸ್ತಿ ಬಾಗುವುದು ಟಿ ಹತ್ತಿರ, ಅಲ್ಲೇ ದಪ್ಪ ಕೊಳವೆ ಇದ್ದರೆ ಬಾಗುವುದು ಕಮ್ಮಿ. ಸೆಕೆಂಡ್ ಹ್ಯಾಂಡ್ ತಂದ. ಟಿ ರಾಡಿನ ಉದ್ದ ಬೇರೆ, ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಅಳತೆ ಬೇರೆ, ಎಕ್ಸೆಲ್ ದಪ್ಪ ಬೇರೆ, ಬ್ರೇಕ್ ಹೋಸ್ ಗಿಡ್ಡ. ಲೇತ್ ಅಂಗಡಿಗೆ ಮೂರು ದಿನ ಓಡಾಡಿದ. ಎಲ್ಲಾ ಕೂರಿಸಿದ ಮೇಲೆ ನೋಡಿದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಪೈಪು ಟ್ಯಾಂಕಿಗೆ ತಗಲುತ್ತದೆ.

ಅಲ್ಲೇ ಒಂದು ತಮಾಷೆ ನಡೆಯಿತು. ಮಾಮೂಲಿ ಫೋರ್ಕಿನಲ್ಲಿ ಕೆಳಗಿರುವ ದಪ್ಪ ಕೊಳವೆಗೆ ಇಲ್ಲಿ ‘ಬಾಟಮ್ ಕೇಸ್’ ಅಂತ ಹೆಸರು. ಈ ಹೊಸದರಲ್ಲಿ ದಪ್ಪದ್ದು ಮೇಲೆ ಹೋಗಿದೆ. ಭಾಯ್ ಹುಡುಗನಿಗೆ ‘ಬಾಟಮ್ ಹಿಡಿ’ ಅಂದರೆ ಅವನು ಕೆಳಗೆ ಕೈ ಹಾಕಿದ. ‘ಅದಲ್ಲ ಕಣೋ, ಮೇಲಿನ ಬಾಟಮ್ಮು!’ ಎಲ್ಲರೂ ನಕ್ಕರು, ಆದರೆ ಅವತ್ತಿಂದ ಆ ಗ್ಯಾರೇಜಿನಲ್ಲಿ ‘ಮೇಲಿನ ಬಾಟಮ್’ ಅನ್ನೋದು ಪದವೇ ಆಗಿದೆ. ಈ ಫೋರ್ಕಿಗೆ ‘ಬುಡಮೇಲು’ ಅನ್ನೋದು ಅಕ್ಷರಕ್ಕಕ್ಷರ ಸರಿ, ಬುಡವೇ ಮೇಲೆ ಇದೆ. ಆದರೆ ಬುಡಮೇಲು ಅಂದ ಕೂಡಲೇ ಸರ್ಕಾರ ಬೀಳಿಸೋ ಸುದ್ದಿ ನೆನಪಾಗುತ್ತೆ. ಜನ ಹೇಳೋದು ‘ಉಲ್ಟಾ ಶಾಕ್ಸ್’, ಅಷ್ಟೇ.

ಹೀಗೆ ಗಾಡಿಯ ರೂಪ ಬದಲಾಯಿಸೋದಕ್ಕೆ ನಮ್ಮ ಕಡೆ ‘ಆಲ್ಟರ್’ ಅಂತಾರೆ. ಪ್ಯಾಂಟ್ ಉದ್ದ ಕಮ್ಮಿ ಮಾಡಿಸೋಕೂ ಅದೇ ಪದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಲೆಬರಹದಲ್ಲಿ ಇರೋದೂ ಇದೇ ಆಲ್ಟರೇಷನ್. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಅದು. ಅತ್ತೆ ಮಗ ಈಗ ಊರೊಳಗೆ ಆ ಗಾಡಿ ತರೋದೇ ಇಲ್ಲ, ತೋಟದಲ್ಲೇ ಓಡಿಸಿಕೊಂಡಿದ್ದಾನೆ.

ಈಗ ನನ್ನ ಪ್ರಶ್ನೆ. ಸ್ಪ್ರಿಂಗ್ ನಮ್ಮ ತೂಕಕ್ಕೆ ಸರಿ ಇದೆಯಾ ಅಂತ ತಿಳಿಯೋಕೆ ಈ ಸ್ಯಾಗ್ ಅಳೆಯಬೇಕು. ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಒಂದು ಅಳತೆ, ಹೆಲ್ಮೆಟ್ಟು ಬೂಟು ಎಲ್ಲಾ ಹಾಕಿ ಮೇಲೆ ಕೂತಾಗ ಇನ್ನೊಂದು ಅಳತೆ. ಇಬ್ಬರು ಬೇಕು, ಒಬ್ಬ ಕೂರೋಕೆ, ಒಬ್ಬ ಟೇಪ್ ಹಿಡಿಯೋಕೆ. ಮಣ್ಣಿನ ದಾರಿಗೆ ಒಟ್ಟು ಟ್ರಾವೆಲ್ಲಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಬೇಕು ಅಂತ ಲೆಕ್ಕ. 190ಕ್ಕೆ 60 ಚಿಲ್ಲರೆ ಮಿಲಿಮೀಟರ್. ನಂದು 80 ಇಳಿಯುತ್ತೆ. ಅಂದರೆ ನನಗೆ ಬೇಕಾಗಿದ್ದದ್ದು ಬಿಗಿಯೂ ಅಲ್ಲ, ಮಂದವೂ ಅಲ್ಲ, ಗಟ್ಟಿ ಸ್ಪ್ರಿಂಗು.

ಇದನ್ನು ನಮ್ಮ ಗೆಳೆಯರಿಗೆ ಕನ್ನಡದಲ್ಲಿ ಬರೆದು ಕೊಡೋಣ ಅಂತ ಕೂತರೆ ಪದವೇ ಸಿಗುತ್ತಿಲ್ಲ. ‘ಶಾಕ್ಸ್ ಕೂತಿದೆ’ ಅಂದರೆ ಇಲ್ಲಿ ಕೆಟ್ಟುಹೋಗಿದೆ ಅಂತ ಅರ್ಥ. ‘ಕೂರುತ್ತೆ’ ಅಂದರೆ ಚೆನ್ನಾಗಿದೆ, ‘ಕೂತಿದೆ’ ಅಂದರೆ ಹೋಯ್ತು, ಕಾಲ ಬದಲಾದರೆ ಗಾಡಿಯ ಹಣೆಬರಹವೇ ಬದಲು. ಕ್ರಿಯಾಪದ ಹೇಗೋ ನಡೆಯುತ್ತೆ, ಅಳತೆಗೆ ಹೆಸರು ಏನು? ‘ಇಳಿತ’ ಅಂದರೆ ಅಡಿಕೆ ರೇಟು ಅನ್ನಿಸುತ್ತೆ. ‘ಜಗ್ಗು’ ನನಗೆ ಹಿಡಿಸಿತ್ತು, ತೊಲೆ ಜಗ್ಗಿದೆ ಅಂತೀವಲ್ಲ ಹಾಗೆ. ಆದರೆ ಹುಬ್ಬಳ್ಳಿ ಕಡೆಯ ಗೆಳೆಯನಿಗೆ ಜಗ್ಗು ಅಂದರೆ ಎಳೆ ಅಂತಷ್ಟೇ ಅರ್ಥ. ‘ಜೋಲು’ ಹಗ್ಗದ ಮಂಚಕ್ಕೆ ಸರಿ. ‘ತಗ್ಗು’ ಅಂದರೆ ದಾರಿಯಲ್ಲಿರೋ ಗುಂಡಿಯ ಜೊತೆ ಗೊಂದಲ.

ನನ್ನ ಅನುಮಾನ ಏನಂದ್ರೆ ಲಾರಿಯವರ ಹತ್ತಿರ ಈ ಪದ ಇದ್ದೇ ಇರುತ್ತೆ. ತಿಪಟೂರಿನಲ್ಲಿ ಕೊಬ್ಬರಿ ಚೀಲ ಹೇರುವಾಗ ಹಿಂದಿನ ಪಟ್ಟಿ ಸ್ಪ್ರಿಂಗ್ ಎಷ್ಟು ಇಳಿದಿದೆ ಅಂತ ಕಣ್ಣಲ್ಲೇ ನೋಡಿ ‘ಸಾಕು, ನಿಲ್ಸು’ ಅನ್ನೋರಿದ್ದಾರೆ. ಅವರು ಅದನ್ನು ಏನಂತ ಕರೀತಾರೆ? ಸಿರಾ, ಪಾವಗಡ, ಚಿಂತಾಮಣಿ, ಮುಳಬಾಗಿಲು ಕಡೆಯವರು ಯಾರಾದರೂ ಕೇಳಿದ್ದರೆ ದಯವಿಟ್ಟು ಹೇಳಿ. ಹೊಸದಾಗಿ ಕಟ್ಟಿದ ಪದ ಬೇಡ, ಯಾರಾದರೂ ಆಡಿದ್ದು ನಿಮ್ಮ ಕಿವಿಗೆ ಬಿದ್ದಿರಬೇಕು. ಬರೋ ಶನಿವಾರ ಭಾಯ್ ಹತ್ತಿರ ಸ್ಪ್ರಿಂಗ್ ಬದಲಾಯಿಸೋಕೆ ಹೋಗ್ತಿದ್ದೇನೆ, ಅಷ್ಟರೊಳಗೆ ಸಿಕ್ಕರೆ ಅವರ ಮುಂದೆ ಆಡಿ ನೋಡ್ತೀನಿ, ಅರ್ಥ ಆಗುತ್ತಾ ಅಂತ.